ಲಿಂಗನಮಕ್ಕಿ ನೀರು ಇಳಿದಾಗ ಕಾಣೋ ಹಳೇ ಡ್ಯಾಮ್: ಅದಕ್ಕೂ ಮೊದಲು ಶರಾವತಿ ಎಲ್ಲಿ ಹರೀತಿತ್ತು?

ಮುಳುಗಡೆ ಮೊಮ್ಮಗ:
ನಮಸ್ಕಾರ ಎಲ್ಲರಿಗೂ. ನಮ್ಮಜ್ಜನ ಊರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಆರೇ ಮನೆ ಇದ್ದ ಊರು, ಹೆಸರು ಹೇಳಿದರೂ ಯಾರಿಗೂ ಗೊತ್ತಾಗಲ್ಲ. ನಾನು ಹುಟ್ಟಿದ್ದು ಶಿವಮೊಗ್ಗದ ಹತ್ತಿರ, ಅಜ್ಜನಿಗೆ ಬದಲಿ ಜಾಗ ಅಂತ ತೋರಿಸಿದ ಕಡೆ. 2023ರಲ್ಲಿ ಮಳೆ ತಡವಾಯಿತಲ್ಲ, ಆಗ ಜೂನ್‌ನಲ್ಲಿ ಗೆಳೆಯರ ಜೊತೆ ಮಡೆನೂರು ಡ್ಯಾಮ್ ನೋಡಲು ಹೋಗಿದ್ದೆ. ಕೆಸರು ಒಣಗಿ ಹೆಂಚಿನ ಹಾಗೆ ಬಿರುಕು ಬಿಟ್ಟಿತ್ತು. ದಾರಿಯುದ್ದಕ್ಕೂ ಕಪ್ಪು ಮರದ ಬೊಡ್ಡೆಗಳು. ಅರವತ್ತು ವರ್ಷ ನೀರಲ್ಲಿದ್ದರೂ ಕೊಳೆತಿಲ್ಲ, ಉಗುರಲ್ಲಿ ಕುಟ್ಟಿದರೆ ಟಕ್ ಅನ್ನುತ್ತೆ.

ಈಗ ನನ್ನ ಪ್ರಶ್ನೆ. ಒಂದು ಡ್ಯಾಮ್ ಒಳಗೆ ಇನ್ನೊಂದು ಡ್ಯಾಮ್ ಯಾಕೆ? ಹೊಳೆ ಮೊದಲು ಯಾವ ದಾರಿ ಹಿಡಿದು ಹರಿಯುತ್ತಿತ್ತು? ನಮ್ಮತ್ತೆಗೆ ಈಗ 78. ಕೇಳಿದರೆ "ಮನೆ ಎದುರಿಗೆ ಹೊಳೆ, ಹೊಳೆ ದಾಟಿದರೆ ಗಾಡಿ ರಸ್ತೆ" ಅಷ್ಟೇ ಹೇಳುತ್ತಾರೆ. ಇಷ್ಟರ ಮೇಲೆ ಊರು ಹುಡುಕಬಹುದಾ?

ಮಳೆಗೆ ಛತ್ರಿ:
ನೀವು ಅದೃಷ್ಟವಂತರು, ನಾನು ಮೂರು ಸಲ ಹೋಗಿ ಮೂರು ಸಲವೂ ಬರೀ ನೀರು ನೋಡಿ ವಾಪಸ್ ಬಂದವನು.

ಕಾರ್ಗಲ್ ರಿಟೈರ್ಡ್:
ಜನ ಮಡೆನೂರು ಡ್ಯಾಮ್ ಅನ್ನುತ್ತಾರೆ, ದಾಖಲೆಯಲ್ಲಿ ಅದರ ಹೆಸರು ಹಿರೇಭಾಸ್ಕರ. ಜೋಗದ ಕೆಳಗೆ ಮೊದಲ ಪವರ್ ಹೌಸ್ ಬಂದಿದ್ದು 1948ರ ಹೊತ್ತಿಗೆ. ಮೊದಲು ಕೃಷ್ಣರಾಜೇಂದ್ರರ ಹೆಸರಿತ್ತು, ಆಮೇಲೆ ಮಹಾತ್ಮ ಗಾಂಧಿ ಹೆಸರು ಬಂತು. 120 ಮೆಗಾವಾಟ್. ಬೇಸಿಗೆಯಲ್ಲಿ ಹೊಳೆ ಸೊರಗುತ್ತದೆ, ಆಗಲೂ ಯಂತ್ರ ತಿರುಗಬೇಕು ಅಂದರೆ ಮೇಲೆ ಎಲ್ಲಾದರೂ ನೀರು ಹಿಡಿದಿಡಬೇಕು. ಅದಕ್ಕೇ ಹಿರೇಭಾಸ್ಕರ. ಅಲ್ಲಿ ಬಿಟ್ಟ ನೀರು ಹೊಳೆಯಲ್ಲೇ ಹರಿದು ಕಾರ್ಗಲ್ ಒಡ್ಡಿಗೆ ಬರುತ್ತಿತ್ತು, ಅಲ್ಲಿಂದ ಕಾಲುವೆಯಲ್ಲಿ ಶಿರೂರು ಕೆರೆಗೆ, ಕೆರೆಯಿಂದ ಪೈಪಿನಲ್ಲಿ ಕೆಳಗೆ.

ಆಮೇಲೆ ಅದು ಸಾಲಲಿಲ್ಲ. 103.5 ಮೆಗಾವಾಟಿನ 10 ಯಂತ್ರ, ಒಟ್ಟು 1035 ಮೆಗಾವಾಟಿನ ಶರಾವತಿ ಯೋಜನೆ ಬಂತು. ಅದಕ್ಕೆ ಕೆಳಗಡೆ ಲಿಂಗನಮಕ್ಕಿ ಕಟ್ಟಿದರು, 1964ರಲ್ಲಿ ಮುಗಿಯಿತು. ಹೊಸ ಡ್ಯಾಮಿನ ನೀರು ಮೇಲೆ ಬಂದು ಹಳೇ ಡ್ಯಾಮನ್ನೇ ನುಂಗಿತು. 16 ವರ್ಷ ಕೆಲಸ ಮಾಡಿದ ಡ್ಯಾಮ್, ಒಡೆಯಲೂ ಇಲ್ಲ, ಹಾಗೇ ಮುಳುಗಿಸಿದರು. ನೀವು ನೋಡಿರಬೇಕು, ಅಲ್ಲಿ ಮಾಮೂಲಿ ಗೇಟುಗಳ ಸಾಲು ಇಲ್ಲ. ಸೈಫನ್ ಇವೆ. ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ಗೇಟು ಎತ್ತುವವರಿಲ್ಲದೆ ತಾನೇ ಹೀರಿ ಆಚೆ ಬಿಡುವ ವ್ಯವಸ್ಥೆ. ಇಷ್ಟು ವರ್ಷ ಮುಳುಗಿ ಎದ್ದರೂ ಗೋಡೆ ಅಲ್ಲಾಡಿಲ್ಲ ನೋಡಿ.

ಹಿನ್ನೀರಿನ ಹಕ್ಕಿ:
ಗೋಡೆ ಅಲ್ಲಾಡಿಲ್ಲ ಸರ್, ಸರಿ. ನಮ್ಮ ಮನೆಯವರು ಎರಡು ಸಲ ಅಲ್ಲಾಡಿದರು. ಮಡೆನೂರು ಡ್ಯಾಮ್ ಆದಾಗ ಮುತ್ತಜ್ಜ ಸ್ವಲ್ಪ ಮೇಲೆ ಬಂದು ಮನೆ ಕಟ್ಟಿಕೊಂಡರು. ಅಡಿಕೆ ಸಸಿ ನೆಟ್ಟು ಫಸಲು ಕೈಗೆ ಬರುವ ಹೊತ್ತಿಗೆ ಲಿಂಗನಮಕ್ಕಿ ನೋಟಿಸ್ ಬಂತು. ಎರಡನೇ ಸಲ ಲಾರಿಯಲ್ಲಿ ಹತ್ತಿಸಿ ಕಾಡಿನ ಮಧ್ಯ ಇಳಿಸಿ ಹೋದರಂತೆ. ದನ ಕಟ್ಟಲು ಕೊಟ್ಟಿಗೆ ಇಲ್ಲ ಅಂತ ಅಜ್ಜಿ ಮೊದಲ ರಾತ್ರಿ ಎಮ್ಮೆಯ ಹಗ್ಗ ಕೈಗೆ ಸುತ್ತಿಕೊಂಡೇ ಮಲಗಿದ್ದರಂತೆ. ಆ ಜಾಗ ಕಾಗದದಲ್ಲಿ ಇನ್ನೂ ಅರಣ್ಯ. ಹಕ್ಕುಪತ್ರ ಕೇಳಿಕೊಂಡು ನಾನೂ ಒಂದು ಕಚೇರಿಗೆ ಹನ್ನೊಂದು ಸಲ ಅಲೆದಿದ್ದೇನೆ. ಹನ್ನೊಂದನೇ ಸಲ ಫೈಲೇ ಸಿಗುತ್ತಿಲ್ಲ ಅಂದರು.

ಕಾರ್ಗಲ್ ರಿಟೈರ್ಡ್:
ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಮ್ಮ. ನಾನು ಕೆಲಸಕ್ಕೆ ಸೇರಿದ್ದೇ ಅದೆಲ್ಲ ಮುಗಿದ ಮೇಲೆ.

ನಕ್ಷೆ ಹುಚ್ಚ:
ಮೊಮ್ಮಗ ಅವರೇ, ಊರು ಹುಡುಕಬಹುದು, ಕಷ್ಟ ಏನಿಲ್ಲ. ಹಳೇ ಟೋಪೋ ಶೀಟ್ (ಎತ್ತರದ ಗೆರೆ ಇರುವ ಸರ್ವೆ ನಕ್ಷೆ) ಹಿಡಿಯಿರಿ, 1 ಇಂಚಿಗೆ 1 ಮೈಲಿ ಲೆಕ್ಕದವು, 1964ಕ್ಕಿಂತ ಮೊದಲಿನವು. ಅದರಲ್ಲಿ ಹೊಳೆ, ಗಾಡಿ ರಸ್ತೆ, ಆರು ಮನೆಯ ಊರೂ ಚುಕ್ಕೆಯಾಗಿ ಇರುತ್ತೆ. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಗ್ರಾಮ ನಕ್ಷೆ ಸಿಗುತ್ತೆ, ಅದನ್ನೂ ನೋಡಿ.

ಹೊಳೆ ದಾರಿ ಹೇಳುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ವಾಯವ್ಯಕ್ಕೆ ಹರಿಯುತ್ತೆ. ಬಲಗಡೆಯಿಂದ ಹರಿದ್ರಾವತಿ ಬಂದು ಸೇರುತ್ತೆ. ಎಣ್ಣೆಹೊಳೆ, ಹಿಲ್ಕುಂಜಿ, ನಾಗೋಡಿ ಹೊಳೆ ಅಂತ ಇನ್ನೂ ಸುಮಾರು ಬರುತ್ತವೆ. ಜೋಗದ ಹತ್ತಿರ ಪಶ್ಚಿಮಕ್ಕೆ ತಿರುಗಿ 830 ಅಡಿ ಕೆಳಗೆ ಬಿದ್ದು, ಇಕ್ಕಟ್ಟಾದ ಕಮರಿಯಲ್ಲಿ ಗೇರುಸೊಪ್ಪೆಗೆ ಬಂದು ಹೊನ್ನಾವರದಲ್ಲಿ ಸಮುದ್ರ. ಒಟ್ಟು 130 ಕಿ.ಮೀ. ಆಸುಪಾಸು, ಅಷ್ಟೇ. ಜೋಗದ ಮೇಲಿನ ಕಣಿವೆ ತಟ್ಟೆಯ ಹಾಗೆ, ಅಗಲ ಜಾಸ್ತಿ, ಆಳ ಕಮ್ಮಿ. ಅದಕ್ಕೇ ಒಂದು ಗೋಡೆ ಕಟ್ಟಿದ್ದಕ್ಕೆ 300 ಚದರ ಕಿ.ಮೀ.ಗೂ ಮೇಲೆ ನೀರು ಹರಡಿತು. ಗುಡ್ಡದ ತುದಿಗಳೆಲ್ಲ ಈಗ ದ್ವೀಪ. ಡ್ಯಾಮನ್ನು ಕೆಳಗಿನ ಕಮರಿಯಲ್ಲಿ ಕಟ್ಟಿದ್ದರೆ ಇಷ್ಟು ಊರು ಮುಳುಗುತ್ತಿರಲಿಲ್ಲ. ಆದರೆ ನೀರು ಬೀಳುವ ಎತ್ತರ ಸಿಗುತ್ತಿರಲಿಲ್ಲ, ಕರೆಂಟೂ ಇಲ್ಲ.

ಬೆಂಗ್ಳೂರು ಬಾಯ್ಸ್:
ಇಷ್ಟೆಲ್ಲಾ ಸೆಂಟಿಮೆಂಟ್ ಸರಿ, ಆದರೆ ಮಳೆಗಾಲದಲ್ಲಿ ಅಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗ್ತಿದೆ ಅಲ್ವಾ. ಬೆಂಗಳೂರಿಗೆ ಕುಡಿಯೋಕೆ ತಂದ್ರೆ ಏನು ತಪ್ಪು?

ಸಾಗರದ ಸೊಸೆ:
ಬಂದರು ನೋಡಿ. 2019ರಲ್ಲಿ ಇದೇ ಮಾತಿಗೆ ಜುಲೈ 10ಕ್ಕೆ ಶಿವಮೊಗ್ಗ ಜಿಲ್ಲೆಯೇ ಬಂದ್ ಆಗಿತ್ತು. ಮರೆತುಹೋಯ್ತಾ?

ನಕ್ಷೆ ಹುಚ್ಚ:
@ಬೆಂಗ್ಳೂರು ಬಾಯ್ಸ್ ಜಗಳ ಬೇಡ, ಲೆಕ್ಕ ಹಾಕೋಣ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ, ಅಂದರೆ 555 ಮೀಟರ್ ಹತ್ತಿರ. ಬೆಂಗಳೂರು 900 ಮೀಟರ್ ಮೇಲಿದೆ. ಸುಮಾರು 350 ಮೀಟರ್ ಎತ್ತಬೇಕು, ಅದೂ ನೂರಾರು ಕಿಲೋಮೀಟರ್ ಪೈಪಿನಲ್ಲಿ. ಅದೇ ನೀರು ಕೆಳಗೆ ಹೋದರೆ ಕರೆಂಟ್ ಕೊಡುತ್ತೆ. ಮೇಲೆ ಎತ್ತಿದರೆ ಆ ಕರೆಂಟೂ ಹೋಯ್ತು, ಎತ್ತಲು ಇನ್ನಷ್ಟು ಕರೆಂಟೂ ಹೋಯ್ತು. ಮನೆ ಮಾರಿ ಬೀಗ ತಂದ ಹಾಗೆ.

ಘಟ್ಟದ ಕೆಳಗಿನವ:
"ಸುಮ್ನೆ ಸಮುದ್ರಕ್ಕೆ" ಅಂತ ಹೇಳುವವರನ್ನು ಒಮ್ಮೆ ಹೊನ್ನಾವರಕ್ಕೆ ಕರ್ಕೊಂಡು ಬರಬೇಕು ಮಾರಾಯ್ರೆ. ಸಮುದ್ರಕ್ಕೆ ಹೋಗುವ ಜಾಗದಲ್ಲಿ ನಾವೂ ಇದ್ದೇವೆ, ಮೀನೂ ಇದೆ. ನಮ್ಮ ಕಡೆ ಕತೆ ಬೇರೆ. ಡ್ಯಾಮ್ ಇಲ್ಲದ ಕಾಲದಲ್ಲಿ ಬೇಸಿಗೆ ಬಂದರೆ ಹೊಳೆ ಸಣ್ಣಗಾಗಿ ಉಪ್ಪುನೀರು ದೂರದವರೆಗೆ ಒಳಗೆ ಬರ್ತಿತ್ತು. ಈಗ ಪವರ್ ಹೌಸಿನಿಂದ ವರ್ಷಪೂರ್ತಿ ಸಿಹಿನೀರು ಬರ್ತದೆ, ಉಪ್ಪೇ ಹತ್ತುವುದಿಲ್ಲ. ತೋಟದವರಿಗೆ ಖುಷಿ, ಬಾವಿ ಸಿಹಿಯಾಯ್ತು. ಆದರೆ ಬಳಚು, ಅಂದರೆ ಚಿಪ್ಪುಮೀನು, ಹೋಯ್ತು. ನನ್ನ ಅಮ್ಮ ಸಣ್ಣವಳಿದ್ದಾಗ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ ನಿಂತು ಕಾಲಿನಲ್ಲೇ ತಡಕಿ ಬುಟ್ಟಿ ತುಂಬಾ ತರ್ತಿದ್ದರಂತೆ. ಈಗ ಬಳಚಿನ ಸುಕ್ಕ ತಿನ್ನಬೇಕು ಅಂದರೆ ಬೇರೆ ಹೊಳೆಯದ್ದು ಪೇಟೆಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಳೆಗೆ ಛತ್ರಿ:
ಬಳಚಿನ ಸುಕ್ಕ ಅಂತ ಓದಿ ಹಸಿವಾಯ್ತು. ರಾತ್ರಿ 11ಕ್ಕೆ ಇಂಥದ್ದೆಲ್ಲ ಹಾಕಬೇಡಿ.

ಇತಿಹಾಸ ಪೀಡೆ:
ಎಲ್ಲರೂ 1948ರಿಂದ ಶುರು ಮಾಡಿದ್ದೀರಿ. ಈ ಕಣಿವೆಯನ್ನು ಜಗತ್ತು ಮೊದಲು ಬಲ್ಲದ್ದು ಕರೆಂಟಿನಿಂದ ಅಲ್ಲ, ಕಾಳುಮೆಣಸಿನಿಂದ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, 1552ರಿಂದ 1606, 54 ವರ್ಷ ಆಳಿದವಳು. ಪೋರ್ಚುಗೀಸರು ರೈನಾ ದ ಪಿಮೆಂಟಾ, ಅಂದರೆ ಮೆಣಸಿನ ರಾಣಿ ಅಂತ ಕರೆದರು. ಘಟ್ಟದ ಮೆಣಸೆಲ್ಲ ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕ ಸೋಲಿಸಿದ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇದೇ ಹೊಳೆಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಇಕ್ಕೇರಿಗೆ ಘಟ್ಟ ಹತ್ತಿದ. ಅವನು ಬರುವ ಹೊತ್ತಿಗೆ ಊರು ಹಾಳು ಬಿದ್ದು ಮರ ಬೆಳೆದಿತ್ತು. ಬರೀ 17 ವರ್ಷದಲ್ಲಿ! ಆ ಮಳೆಯ ಸೀಮೆಯಲ್ಲಿ ಮಾಡು ಹೋದರೆ ಮನೆಗೆ ಎಷ್ಟು ಆಯಸ್ಸು ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಈಗ ಉಳಿದಿದ್ದು ನಗರಬಸ್ತಿಕೇರಿಯ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಒಬ್ಬ ತೀರ್ಥಂಕರ.

ಟ್ರೆಕ್ ಮಂಜ:
ಕಾನೂರು ಕೋಟೆ ಅವಳದ್ದೇ ಅಲ್ವಾ ಸರ್? ಹೋಗೋಕೆ ಪರ್ಮಿಷನ್ ಹೇಗೆ?

ಇತಿಹಾಸ ಪೀಡೆ:
ಹೌದು, ಅವಳ ಕಾಲದ್ದೇ. ಅದು ಅಭಯಾರಣ್ಯದ ಒಳಗಿದೆ, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಹೋಗಬೇಡಿ. ರೀಲ್ಸ್ ಮಾಡಲು ಕೋಟೆ ಗೋಡೆ ಹತ್ತುವ ಪೈಕಿ ಆಗಿದ್ದರೆ ದಯವಿಟ್ಟು ಮನೆಯಲ್ಲೇ ಇರಿ.

ಗೋಡಂಬಿ ಗೌಡ:
ಗೇರುಸೊಪ್ಪೆ ಹೆಸರು ಬಂದಿದ್ದೇ ಗೇರು ಹಣ್ಣಿನಿಂದ. ಪೋರ್ಚುಗೀಸರು ತಂದು ನೆಟ್ಟಿದ್ದು. ಇದು ಎಲ್ಲರಿಗೂ ಗೊತ್ತು.

ಇತಿಹಾಸ ಪೀಡೆ:
ಎಲ್ಲರಿಗೂ ಗೊತ್ತಿರೋದೇ ತಪ್ಪು ಗೌಡ್ರೇ. ಊರು ಪೋರ್ಚುಗೀಸರಿಗಿಂತ ಹಳೆಯದು. ಅದಕ್ಕೆ ಸಂಸ್ಕೃತದಲ್ಲಿ ಭಲ್ಲಾತಕೀಪುರ ಅಂತ ಹೆಸರಿದೆ. ಭಲ್ಲಾತಕ ಅಂದರೆ ಗೋಡಂಬಿಯ ಗೇರಲ್ಲ, ಕರಿಗೇರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರಲ್ಲ, ಆ ಕಾಯಿ.

ಗೋಡಂಬಿ ಗೌಡ:
ಓ. ಕರಿಗೇರು ಗೊತ್ತು. ಚಿಕ್ಕವನಿದ್ದಾಗ ಅದರ ಸೊನೆ ತಾಗಿ ಮುಖ ಎಲ್ಲ ಊದಿ, ಒಂದು ವಾರ ಶಾಲೆಗೆ ಹೋಗಿರಲಿಲ್ಲ. ಸರಿ ಒಪ್ಪಿದೆ, ಅರ್ಧ.

ಕಾನು ಕಾಯುವವ:
ಗೇರಿನ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಸಿದ್ದಾಪುರ ತಾಲ್ಲೂಕಲ್ಲಿ, ಹೊನ್ನಾವರ ರಸ್ತೆಯ ಹತ್ತಿರ ಕತ್ತಲೆಕಾನು ಅಂತ ಕಾಡಿದೆ. ಹೆಸರೇ ಹೇಳುವ ಹಾಗೆ ಮಧ್ಯಾಹ್ನವೂ ಮಬ್ಬು. ಅಲ್ಲಿ ರಾಂಪತ್ರೆ ಜಡ್ಡಿಗಳಿವೆ. ವರ್ಷಪೂರ್ತಿ ಜೌಗು, ಕಾಡು ಜಾಯಿಕಾಯಿ ಜಾತಿಯ ಮರ, ಅದರ ಬೇರು ಕೆಸರಿನಿಂದ ಮೇಲೆ ಬಂದು ಮಂಡಿ ಮಡಚಿದ ಹಾಗೆ ಬಾಗಿ ಮತ್ತೆ ಕೆಸರಿಗೆ ಇಳಿಯುತ್ತೆ. ಕೆಸರಲ್ಲಿ ಗಾಳಿ ಸಿಗಲ್ಲ, ಅದಕ್ಕೆ ಬೇರು ಹೊರಗೆ ಬಂದು ಉಸಿರಾಡುತ್ತೆ. 2000ದಲ್ಲಿ ಅಲ್ಲಿ ವಿಜ್ಞಾನಿಗಳು ಒಂದು ಹೊಸ ಮರ ಗುರುತಿಸಿ ಅದಕ್ಕೆ ಕಾಡಿನ ಹೆಸರನ್ನೇ ಇಟ್ಟರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದೂ ಕರಿಗೇರಿನ ಕುಲದ್ದೇ! ಗೇರುಸೊಪ್ಪೆ ಘಟ್ಟದಲ್ಲಿ ಗೇರಿನ ನೆಂಟ ಇನ್ನೂ ಇದ್ದಾನೆ ಅಂತಾಯ್ತು.

ಇನ್ನೊಂದು. ಕಾನು ಅಂದರೆ ಬರೀ ಕಾಡಲ್ಲ. ರಾಣಿಯ ಮೆಣಸು ಬಂದಿದ್ದು ತೋಟದಿಂದ ಮಾತ್ರ ಅಲ್ಲ, ಕಾನಿನಿಂದಲೂ. ಜನ ಮರ ಕಡಿಯದೆ ಮೆಣಸು, ದಾಲ್ಚಿನ್ನಿ, ಉಪ್ಪಾಗೆ, ಬೈನೆ ಹೆಂಡ ಎಲ್ಲ ಅಲ್ಲಿಂದಲೇ ತರುತ್ತಿದ್ದರು. ಕಾನಲ್ಲಿ ದೇವರಿದ್ದ, ಕತ್ತಿ ಹಾಕಲು ಹೆದರಿಕೆ ಇತ್ತು. ಹಾಗಾಗಿ "ಮನುಷ್ಯ ಕಾಲಿಡದ ಕಾಡು" ಅಂತ ಟೂರಿಸ್ಟ್ ಬೋರ್ಡಲ್ಲಿ ಬರೆಯುವುದು ಶುದ್ಧ ಸುಳ್ಳು. ಕಾಲಿಟ್ಟವರು ಉಳಿಸಿದ ಕಾಡು ಅದು.

ಉಣುಗು ಕಚ್ಚಿದವ:
ಕಾನು ಚೆಂದ ನಿಜ. ಆದರೆ ಡಿಸೆಂಬರಿಂದ ಮೇ ತನಕ ಹೋಗುವವರು ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಪತ್ತೆಯಾಗಿದ್ದು, 2018ರ ಕೊನೆಗೆ ಇದೇ ಕಣಿವೆಯ ಅರಳಗೋಡಲ್ಲಿ ಹಬ್ಬಿ ಸಾವುಗಳಾದವು. ನಮ್ಮೂರಲ್ಲಿ ಆ ವರ್ಷ ದರಕು (ಒಣ ಎಲೆ) ಗುಡಿಸಲು ಯಾರೂ ಬೆಟ್ಟಕ್ಕೆ ಹೋಗಲಿಲ್ಲ. ಸತ್ತ ಮಂಗ ಕಂಡರೆ ಫೋಟೋ ತೆಗೆಯಲು ಹತ್ತಿರ ಹೋಗಬೇಡಿ, ಅದರ ಮೈ ಬಿಟ್ಟ ಉಣುಗು ಅಲ್ಲೇ ಇರುತ್ತೆ. ಆರೋಗ್ಯ ಇಲಾಖೆಗೆ ಹೇಳಿ.

ಟ್ರೆಕ್ ಮಂಜ:
ಸಿಂಗಳೀಕದಿಂದಲೂ ಬರುತ್ತಾ?

ಕಾನು ಕಾಯುವವ:
ಸಾಯುವುದು ಜಾಸ್ತಿ ಮುಸುವ ಮತ್ತು ಮಾಮೂಲಿ ಮಂಗ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಕಮ್ಮಿ, ಮರದ ತುದಿಯಲ್ಲೇ ಅದರ ಸಂಸಾರ. ಅದಕ್ಕೇ ಕಾಡಿನ ಮಧ್ಯ ಅಗಲ ರಸ್ತೆ, ಲೈನ್ ಎಳೆದರೆ ಅದಕ್ಕೆ ಮಾತ್ರ ಜಾಸ್ತಿ ತೊಂದರೆ. ಈ ಕಡೆ ಮರ, ಆ ಕಡೆ ಮರ, ಮಧ್ಯ ಹಾರಲಾಗದಷ್ಟು ಆಕಾಶ. 1972ರ ಅಭಯಾರಣ್ಯವನ್ನು 2019ರಲ್ಲಿ ದೊಡ್ಡದು ಮಾಡಿ ಸಿಂಗಳೀಕದ ಹೆಸರನ್ನೇ ಇಟ್ಟಿದ್ದಾರೆ. ಈಗ ಅದರೊಳಗೇ ಪಂಪ್ಡ್ ಸ್ಟೋರೇಜ್.

ಕಾರ್ಗಲ್ ರಿಟೈರ್ಡ್:
ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸುಮ್ಮನೆ ಹೆದರಿಕೊಂಡವರೂ ಇದ್ದಾರೆ. ಹೊಸ ಡ್ಯಾಮ್ ಕಟ್ಟುವುದಿಲ್ಲ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ, ಎರಡೂ ಈಗಲೇ ಇವೆ. ನಡುವೆ ಸುರಂಗ, ನೆಲದೊಳಗೆ ಪವರ್ ಹೌಸ್, 2000 ಮೆಗಾವಾಟ್. ಕರೆಂಟ್ ಹೆಚ್ಚಿದ್ದಾಗ ಕೆಳಗಿನ ನೀರನ್ನು ಮೇಲೆ ಎತ್ತುವುದು, ಬೇಡಿಕೆ ಏರಿದಾಗ ಅದೇ ನೀರನ್ನು ಬಿಟ್ಟು ಕರೆಂಟ್ ತೆಗೆಯುವುದು. ದೊಡ್ಡ ಬ್ಯಾಟರಿ ಅಂದುಕೊಳ್ಳಿ. ಸೋಲಾರ್ ಹೆಚ್ಚಾದಷ್ಟೂ ಇದು ಬೇಕಾಗುತ್ತೆ.

ಸಾಗರದ ಸೊಸೆ:
ಬ್ಯಾಟರಿಗೆ ಹಾಕಿದ್ದಕ್ಕಿಂತ ಕಮ್ಮಿ ವಾಪಸ್ ಬರುತ್ತೆ ಅನ್ನೋದನ್ನೂ ಹೇಳಿ ಸರ್. ಸುರಂಗದ ಮಣ್ಣು ಎಲ್ಲಿ ಸುರಿಯುತ್ತಾರೆ? ಮರ ಎಷ್ಟು ಹೋಗುತ್ತೆ? 2025ರಲ್ಲಿ ಕಾರ್ಗಲ್‌ನಲ್ಲೂ ಗೇರುಸೊಪ್ಪೆಯಲ್ಲೂ ಅಹವಾಲು ಸಭೆ ಆದಾಗ ಜನ ಕೇಳಿದ್ದೂ ಇದನ್ನೇ. ಒಂದು ಕಣಿವೆಗೆ ಎಷ್ಟು ಸಲ ಸೂಜಿ ಚುಚ್ಚುವುದು?

ಕಾರ್ಗಲ್ ರಿಟೈರ್ಡ್:
ಕಮ್ಮಿ ಬರುತ್ತೆ, ನಿಜ. 100 ಹಾಕಿದರೆ 80ರ ಆಸುಪಾಸು ಬರಬಹುದು. ಮಣ್ಣಿನ ಪ್ರಶ್ನೆ ನ್ಯಾಯವಾದದ್ದು, ಆ ಘಟ್ಟದಲ್ಲಿ ಗುಡ್ಡ ಕುಸಿಯುವುದನ್ನು ನಾನೇ ನೋಡಿದ್ದೇನೆ. ಆದರೆ ಕರೆಂಟ್ ಬೇಡ ಅನ್ನುವವರು ಮನೆಯಲ್ಲಿ ಮಿಕ್ಸಿ ಬಿಟ್ಟು ಒರಳಲ್ಲಿ ರುಬ್ಬುತ್ತಿಲ್ಲವಲ್ಲ.

ಸಾಗರದ ಸೊಸೆ:
ನಮ್ಮನೇಲಿ ಒರಳೂ ಇದೆ. ಮಳೆಗಾಲದಲ್ಲಿ ಕರೆಂಟ್ ಇರೋದಿಲ್ಲ ಅಂತಲೇ ಇಟ್ಟುಕೊಂಡಿದ್ದು, ಡ್ಯಾಮಿನ ಪಕ್ಕದಲ್ಲೇ ಇದ್ದೂ. ಬನ್ನಿ, ತೋರಿಸ್ತೀನಿ.

ಮಳೆಗೆ ಛತ್ರಿ:
ಒರಳಿಗೆ 1, ರಿಟೈರ್ಡ್ ಸರ್‌ಗೆ 0.

ತುಮರಿ ತಮ್ಮ:
ನಾನು ಕರೂರು ಸೀಮೆಯವನು. ಲಿಂಗನಮಕ್ಕಿ ಬಂದ ಮೇಲೆ ನಮ್ಮ ಕಡೆಗೆ ರಸ್ತೆಯೇ ಕಡಿದುಹೋಯಿತು. ಹೊಳೆಬಾಗಿಲಲ್ಲಿ ಲಾಂಚ್ ಹತ್ತಬೇಕಿತ್ತು, ಇಲ್ಲ ಅಂದರೆ ಹೊಸನಗರದ ಕಡೆಯಿಂದ ಸುತ್ತಿ ಬರಬೇಕಿತ್ತು. ಸಂಜೆ ಕೊನೇ ಲಾಂಚ್ ಹೋದರೆ ಮುಗೀತು. ನಮ್ಮ ಚಿಕ್ಕಮ್ಮನಿಗೆ ರಾತ್ರಿ ಹೆರಿಗೆ ನೋವು ಬಂದು, ಚಿಕ್ಕಪ್ಪ ದಡದಲ್ಲಿ ಟಾರ್ಚ್ ಬಿಟ್ಟು ಬಿಟ್ಟು ಆಚೆ ದಡದಿಂದ ದೋಣಿ ಕರೆಸಿದ್ದರು. ನಮ್ಮ ತಮ್ಮ ಹುಟ್ಟಿದ್ದು ದೋಣಿಯಲ್ಲೇ. ಅವನಿಗೆ ಊರಲ್ಲಿ ಈಗಲೂ ಲಾಂಚ್ ಅಂತಲೇ ಹೆಸರು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು, ಎರಡೂವರೆ ಕಿ.ಮೀ. ಹತ್ತಿರ ಉದ್ದ. ಮೊದಲ ದಿನ ಅವನೇ ಬೈಕಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ದಾಟಿಸಿದ. ನಾಲ್ಕು ನಿಮಿಷ.

ಹಿನ್ನೀರಿನ ಹಕ್ಕಿ:
ಸೇತುವೆ ಆಯ್ತು, ಈಗ ಸಿಗಂದೂರಿಗೆ ಬರುವ ಕಾರುಗಳ ಸಾಲು ನೋಡಬೇಕು. ಚಿಪ್ಸ್ ಪ್ಯಾಕೆಟ್ ಎಲ್ಲ ಹಿನ್ನೀರಿಗೆ.

ತುಮರಿ ತಮ್ಮ:
ಹೌದಕ್ಕ. ಆದರೂ ಸೇತುವೆ ಬೇಡ ಅಂತ ನಮ್ಮ ಬಾಯಲ್ಲಿ ಬರಲ್ಲ.

ಜೋಗ ಜಗಣ್ಣ:
ವಿಷಯ ಎಲ್ಲೆಲ್ಲಿಗೋ ಹೋಯ್ತು. ಜೋಗದ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಬ್ರಿಟಿಷರು ಅದನ್ನು ಗೇರುಸೊಪ್ಪೆ ಫಾಲ್ಸ್ ಅಂತಲೇ ಬರೆದರು, ಗೇರುಸೊಪ್ಪೆ ಇರೋದು ಕೆಳಗೆ ಎಷ್ಟೋ ದೂರದಲ್ಲಿ. ಹಳೇ ಪುಸ್ತಕ ಓದಿ ಗೇರುಸೊಪ್ಪೆಗೆ ಹೋಗಿ ಫಾಲ್ಸ್ ಎಲ್ಲಿ ಅಂತ ಕೇಳಿದವರನ್ನು ನಾನು ಕಂಡಿದ್ದೇನೆ. ಆಗ ಹೊಳೆಯೇ ಗಡಿ. ಈ ದಡ ಮೈಸೂರು, ಆ ದಡ ಮುಂಬೈ ಪ್ರಾಂತ್ಯ. ಅದಕ್ಕೇ ಎರಡೂ ಕಡೆ ಒಂದೊಂದು ಬಂಗಲೆ, ಮೈಸೂರು ಬಂಗಲೆ, ಬಾಂಬೆ ಬಂಗಲೆ. 1956ರ ತನಕ ಜಲಪಾತ ನೋಡಲು ನಿಂತವರು ಮೈಸೂರಲ್ಲಿ, ನೋಡುತ್ತಿದ್ದ ಬಂಡೆ ಮುಂಬೈಯಲ್ಲಿ.

ಮುಳುಗಡೆ ಮೊಮ್ಮಗ:
ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆದ ಮೇಲೆ ಬರುತ್ತಿದ್ದೇನೆ. ನಕ್ಷೆ ಹುಚ್ಚ ಅವರು ಹೇಳಿದ ಹಾಗೆ ಹಳೇ ಶೀಟ್ ಸಿಕ್ಕಿತು. ಅದನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಊರಿನ ಚುಕ್ಕೆ ಹುಡುಕಿ ಅತ್ತೆಗೆ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ "ಇದಲ್ಲ" ಅಂದರು. ಹೆಸರು ಅದೇ ಇದೆಯಲ್ಲ ಅತ್ತೆ ಅಂದೆ. "ಹೆಸರು ಅದೇ, ಜಾಗ ಇದಲ್ಲ. ನಮ್ಮನೆ ಜಗಲಿ ಮೇಲೆ ಕೂತರೆ ಬೆಳಗಿನ ಬಿಸಿಲು ಹೊಳೆ ಕಡೆಯಿಂದ ಬರ್ತಿತ್ತು. ನೀನು ತೋರಿಸೋ ಊರಲ್ಲಿ ಹೊಳೆ ಮುಳುಗೋ ದಿಕ್ಕಲ್ಲಿದೆ" ಅಂದರು. ನಾನು ಎರಡು ವಾರ ಎಡದಂಡೆಯನ್ನು ಬಲದಂಡೆ ಅಂದುಕೊಂಡು ಹುಡುಕುತ್ತಿದ್ದೆ. ಶೀಟಲ್ಲಿ ಆಚೆ ದಡದಲ್ಲಿ ಅದೇ ಹೆಸರಿಗೆ ಕಿರು ಅಂತ ಸೇರಿಸಿ ಇನ್ನೊಂದು ಚುಕ್ಕೆ ಇತ್ತು, ಅದರ ಎದುರಿಗೆ ಹೊಳೆ ದಾಟಿದರೆ ಗಾಡಿ ರಸ್ತೆಯ ಗೆರೆ. ಅದನ್ನು ತೋರಿಸಿದರೆ ಅತ್ತೆ ಏನೂ ಹೇಳಲಿಲ್ಲ. ಬೆರಳಿಟ್ಟು ಆ ಗೆರೆಯನ್ನು ಸ್ವಲ್ಪ ದೂರ ಎಳೆದರು, ಆಮೇಲೆ ಎದ್ದು ಹೋಗಿ ಪೆಟ್ಟಿಗೆಯಿಂದ ಹಿತ್ತಾಳೆ ಕೊಳಗ ತಂದು ನನ್ನ ಕೈಗೆ ಕೊಟ್ಟರು. ಅಜ್ಜ ಆ ಮನೆಯಿಂದ ತಂದಿದ್ದಂತೆ.

ಇತಿಹಾಸ ಪೀಡೆ:
ಕೊಳಗನಾ! ಅದರ ಅಳತೆ ಹಾಕಿ ನೋಡಿ. ಅಲ್ಲೇ ಹತ್ತಿರದ ಕಾಗೋಡಿನಲ್ಲಿ 1951ರ ಸತ್ಯಾಗ್ರಹಕ್ಕೆ ಕಿಡಿ ಹೊತ್ತಿದ್ದೇ ಕೊಳಗದ ಅಳತೆಯ ಮೇಲೆ. ಗೇಣಿ ಭತ್ತ ಅಳೆಯುವ ಧಣಿಗಳ ಕೊಳಗ ದೊಡ್ಡದು ಅಂತ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನ ಆಗಿದ್ದೂ ಆಗಲೇ. ನಿಮ್ಮದರಲ್ಲಿ ಎಷ್ಟು ಸೇರು ಹಿಡಿಯುತ್ತೆ?

ಮುಳುಗಡೆ ಮೊಮ್ಮಗ:
ಅಳೆದು ಹೇಳ್ತೀನಿ ಸರ್. ಅತ್ತೆ ಸದ್ಯ ಅದರಲ್ಲಿ ಹುರಳಿ ತುಂಬಿ ಇಟ್ಟಿದ್ದಾರೆ. ಈಗ ನನ್ನ ಎರಡನೇ ಪ್ರಶ್ನೆ: ಆ ಜಾಗ ಕಾಣಬೇಕು ಅಂದರೆ ನೀರು ಎಷ್ಟು ಅಡಿಗೆ ಇಳಿಯಬೇಕು? ಅತ್ತೆಯನ್ನು ಕರ್ಕೊಂಡು ಹೋಗಬೇಕು ಅಂತಿದ್ದೇನೆ.

ನಕ್ಷೆ ಹುಚ್ಚ:
ಶೀಟಲ್ಲಿ ಎತ್ತರದ ಗೆರೆಗಳಿವೆ, ಊರಿನ ಚುಕ್ಕೆ ಯಾವ ಗೆರೆಗಳ ಮಧ್ಯ ಇದೆ ನೋಡಿ ಹೇಳಿ. 1819ರಿಂದ ಕಳೆಯೋಣ.

ಮುಳುಗಡೆ ಮೊಮ್ಮಗ:
1750 ಮತ್ತು 1800ರ ಮಧ್ಯ. 1750ಕ್ಕೆ ಹತ್ತಿರ.

ಕಾರ್ಗಲ್ ರಿಟೈರ್ಡ್:
ಹಾಗಾದರೆ ಒಳ್ಳೇ ಮಳೆಯಾದ ವರ್ಷದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಮಳೆ ಕೈಕೊಟ್ಟ ವರ್ಷ ಮೇ ಕೊನೆಗೆ ನೋಡಿ. ಕೆಸರಲ್ಲಿ ಅತ್ತೆಯನ್ನು ನಡೆಸಬೇಡಿ, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಮಂಡಿತನಕ ಹೂತುಹೋಗುತ್ತೆ.

ತುಮರಿ ತಮ್ಮ:
ದೋಣಿ ಬೇಕಾದರೆ ಹೇಳಿ ಅಣ್ಣ. ನೀರು ಇಳಿಯೋ ತನಕ ಕಾಯೋದ್ಯಾಕೆ, ಆ ಜಾಗದ ಮೇಲೇ ಹೋಗಿ ನಿಲ್ಲಿಸಬಹುದು. ಲಾಂಚನ್ನೂ ಕರ್ಕೊಂಡು ಬರ್ತೀನಿ, ನಮ್ಮ ತಮ್ಮನನ್ನು.